ರಾಜ್ಯಶಾಸ್ತ್ರಜ್ಞೆ ಮೇಯರ್ ಆದಾಗ: ಕ್ಲೌಡಿಯಾ ಲೋಪೆಸ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದ ಮೇಲೂ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಹತ್ತು ಹದಿನೈದು ವಿದ್ಯಾರ್ಥಿಗಳು ಸೇರುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯಿಂದ ಬಂದು ಇಲ್ಲಿನ ಹಾಸ್ಟೆಲ್‌ಗಳಲ್ಲಿದ್ದು ಓದುವ ಮಕ್ಕಳೇ ಹೆಚ್ಚು. "ಸ್ಪರ್ಧಾತ್ಮಕ ಪರೀಕ್ಷೆ ಬಿಟ್ಟರೆ ರಾಜ್ಯಶಾಸ್ತ್ರ ಇನ್ನೇನಕ್ಕೆ ಬಂದೀತು, ಸರ್?" ಎಂದು ಅವರಲ್ಲೊಬ್ಬಳು ಕೇಳಿದ ದಿನ ನಾನು ಕೊಲಂಬಿಯಾದ ರಾಜಧಾನಿ ಬೊಗೊಟಾದ ಮೇಯರ್ ಆಗಿದ್ದ ಕ್ಲೌಡಿಯಾ ಲೋಪೆಸ್ ಅವರ ಬದುಕನ್ನು ವಿವರಿಸಿದೆ. ಅಂದಿನಿಂದ ಇಂದಿನವರೆಗೆ ಅವರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದವನ್ನು ಉತ್ತರ ಸಹಿತ ಇಲ್ಲಿ ಬರೆದಿಟ್ಟಿದ್ದೇನೆ.

ಕ್ಲೌಡಿಯಾ ಲೋಪೆಸ್ ಯಾರು?

ಪೂರ್ಣ ಹೆಸರು ಕ್ಲೌಡಿಯಾ ನಾಯಿಬೆ ಲೋಪೆಸ್ ಎರ್ನಾಂಡೆಸ್. 1970ರ ಮಾರ್ಚ್ 9ರಂದು ಬೊಗೊಟಾದಲ್ಲಿ ಹುಟ್ಟಿದರು. ತಾಯಿ ಶಾಲಾ ಶಿಕ್ಷಕಿ. ಸಂಶೋಧಕಿ, ಅಂಕಣಗಾರ್ತಿ ಮತ್ತು ಸೆನೆಟ್ ಸದಸ್ಯೆಯಾಗಿ ಹೆಸರು ಮಾಡಿದ ಮೇಲೆ 2020ರ ಜನವರಿ 1ರಿಂದ 2023ರ ಕೊನೆಯವರೆಗೆ ತಾವು ಹುಟ್ಟಿದ ನಗರದ ಮೇಯರ್ ಆಗಿದ್ದರು. ಅವರಿಗಿಂತ ಮೊದಲು ಮಧ್ಯಂತರ ಅವಧಿಗೆ ಬೇರೆ ಮಹಿಳೆಯರು ಆ ಕುರ್ಚಿಯಲ್ಲಿ ಕೂತದ್ದುಂಟು; ಆದರೆ ಜನರ ನೇರ ಮತದಿಂದ ಆಯ್ಕೆಯಾದ ಮೊದಲ ಮಹಿಳೆ ಇವರೇ.

ಬೊಗೊಟಾ ಎಂಥ ಊರು?

ಮಲೆನಾಡಿನವರಿಗೆ ಎತ್ತರದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ನಮ್ಮ ಕೊಡಚಾದ್ರಿ 1,343 ಮೀಟರ್, ಮುಳ್ಳಯ್ಯನಗಿರಿ 1,900 ಮೀಟರಿಗಿಂತ ಸ್ವಲ್ಪ ಹೆಚ್ಚು. ಬೊಗೊಟಾ ಇರುವುದು ಸುಮಾರು 2,600 ಮೀಟರ್ ಎತ್ತರದ ಬಯಲಿನಲ್ಲಿ; ಸಮಭಾಜಕ ವೃತ್ತಕ್ಕೆ ಹತ್ತಿರವಿದ್ದರೂ ವರ್ಷವಿಡೀ ಸ್ವೆಟರ್ ಬೇಕಾಗುವ ಊರು. ಜನಸಂಖ್ಯೆ 70 ಲಕ್ಷಕ್ಕಿಂತ ಹೆಚ್ಚು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ್ದು 3.22 ಲಕ್ಷ. ಸ್ಥೂಲವಾಗಿ ಹೇಳುವುದಾದರೆ ಉತ್ತರದ ಬಡಾವಣೆಗಳಲ್ಲಿ ಉಳ್ಳವರು, ದಕ್ಷಿಣದ ಗುಡ್ಡಗಳಲ್ಲಿ ಬಡವರು. ದಶಕಗಳ ಆಂತರಿಕ ಯುದ್ಧದಿಂದ ಹಳ್ಳಿ ಬಿಟ್ಟು ಬಂದವರಲ್ಲಿ ಬಹಳ ಮಂದಿ ಆ ಗುಡ್ಡಗಳಲ್ಲೇ ಮನೆ ಕಟ್ಟಿಕೊಂಡಿದ್ದಾರೆ.

ಅವರು ಮೊದಲಿನಿಂದಲೂ ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯೇ?

ಅಲ್ಲ. ಮೊದಲು ಸೇರಿದ್ದು ಬೊಗೊಟಾದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಜೀವಶಾಸ್ತ್ರಕ್ಕೆ. ಅವರ ದಾರಿಯನ್ನು ಬದಲಿಸಿದ್ದು ಒಂದು ಕೊಲೆ. 1989ರ ಆಗಸ್ಟ್ 18ರಂದು, ಅಧ್ಯಕ್ಷ ಪದವಿಗೆ ಬರುವುದು ಬಹುತೇಕ ಖಚಿತವೆಂದು ಎಲ್ಲರೂ ಭಾವಿಸಿದ್ದ ಲೂಯಿಸ್ ಕಾರ್ಲೋಸ್ ಗಲಾನ್ ಅವರನ್ನು ಮಾದಕ ವಸ್ತು ದಂಧೆಕೋರರ ಸಂಚಿನಲ್ಲಿ ಪ್ರಚಾರ ಸಭೆಯಲ್ಲೇ ಗುಂಡಿಟ್ಟು ಕೊಂದರು. ಆ ಬಳಿಕ ವಿದ್ಯಾರ್ಥಿಗಳು ಬೀದಿಗಿಳಿದರು. ಅವರ ಬೇಡಿಕೆ ಹೊಸ ಸಂವಿಧಾನ.

1990ರ ಮಾರ್ಚ್ ಚುನಾವಣೆಯಲ್ಲಿ ಕೊಲಂಬಿಯಾದ ಮತದಾರರು ಆರು ಮತಚೀಟಿಗಳನ್ನು ಹಾಕಬೇಕಿತ್ತು. ಸಂವಿಧಾನ ರಚನಾ ಸಭೆ ಬೇಕೆಂದು ಬರೆದ ಏಳನೆಯ ಚೀಟಿಯೊಂದನ್ನೂ ಜೊತೆಗೆ ಹಾಕಿ ಎಂದು ವಿದ್ಯಾರ್ಥಿಗಳು ಜನರನ್ನು ಕೇಳಿಕೊಂಡರು. ಪತ್ರಿಕೆಗಳು ಆ ಚೀಟಿಯನ್ನು ಕತ್ತರಿಸಿಕೊಳ್ಳುವಂತೆ ಮುದ್ರಿಸಿದವು. ಕಾನೂನಿನ ಪ್ರಕಾರ ಆ ಚೀಟಿಗೆ ಯಾವ ಮಾನ್ಯತೆಯೂ ಇರಲಿಲ್ಲ. ಆದರೂ ಅದರ ಒತ್ತಡದಿಂದಲೇ ಅದೇ ವರ್ಷ ಸಂವಿಧಾನ ರಚನಾ ಸಭೆ ಆಯ್ಕೆಯಾಗಿ, 1991ರ ಜುಲೈ 4ರಂದು ಹೊಸ ಸಂವಿಧಾನ ಜಾರಿಗೆ ಬಂತು. ಆ ವಿದ್ಯಾರ್ಥಿಗಳ ನಡುವೆ ಲೋಪೆಸ್ ಕೂಡ ಇದ್ದರು. ಇಪ್ಪತ್ತರ ಹರೆಯದಲ್ಲಿ ತನ್ನ ಕಣ್ಣೆದುರೇ ಒಂದು ದೇಶದ ಮೂಲ ಕಾನೂನು ಬದಲಾದುದನ್ನು ಕಂಡ ಹುಡುಗಿ ಜೀವಶಾಸ್ತ್ರ ಬಿಟ್ಟು ಹಣಕಾಸು, ಸರ್ಕಾರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ಪದವಿಗೆ ಬಂದುದರಲ್ಲಿ ನನಗೆ ಆಶ್ಚರ್ಯವಿಲ್ಲ. ಮುಂದೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆಡಳಿತ ಮತ್ತು ನಗರ ನೀತಿಯ ಸ್ನಾತಕೋತ್ತರ ಪದವಿ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಡಾಕ್ಟರೇಟ್ ಪಡೆದರು. (ದೇಶವೂ ಕೊಲಂಬಿಯಾ, ವಿಶ್ವವಿದ್ಯಾಲಯವೂ ಕೊಲಂಬಿಯಾ ಎಂದು ಕನ್ನಡದಲ್ಲಿ ಒಂದೇ ರೀತಿ ಬರೆಯುವುದರಿಂದ ವಿದ್ಯಾರ್ಥಿಗಳು ಗೊಂದಲಕ್ಕೆ ಒಳಗಾಗುತ್ತಾರೆ, ಎರಡಕ್ಕೂ ಸಂಬಂಧವಿಲ್ಲ.)

ಸಂಶೋಧಕಿಯಾಗಿ ಅವರ ಮುಖ್ಯ ಕೆಲಸ ಯಾವುದು?

ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನೇ ಓದಬೇಕೆಂದು ನನ್ನ ಕೋರಿಕೆ.

ಎಡಪಂಥೀಯ ಗೆರಿಲ್ಲಾಗಳ ವಿರುದ್ಧ ಹುಟ್ಟಿಕೊಂಡ ಖಾಸಗಿ ಸಶಸ್ತ್ರ ಪಡೆಗಳು ಕೊಲಂಬಿಯಾದ ಅನೇಕ ಪ್ರಾಂತಗಳನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡಿದ್ದವು. ಹತ್ಯಾಕಾಂಡ, ಭೂಮಿಯ ಕಬಳಿಕೆ, ಮಾದಕ ವಸ್ತುಗಳ ಸಾಗಣೆ ಅವುಗಳ ದಿನನಿತ್ಯದ ವ್ಯವಹಾರವಾಗಿತ್ತು. ಸಂಸತ್ತಿನ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ತಮ್ಮ ಕಡೆಯವರು ಎಂದು ಆ ಪಡೆಗಳ ಮುಖಂಡರು ಬಹಿರಂಗವಾಗಿಯೇ ಹೇಳಿಕೊಂಡರು. ಇದು ಬರೀ ಜಂಬವೋ, ನಿಜವೋ?

ಲೋಪೆಸ್ ಇದನ್ನು ಪರಿಶೀಲಿಸಿದ ಬಗೆ ನಮ್ಮ ತರಗತಿಯಲ್ಲಿ ಕಲಿಸುವಷ್ಟು ಸರಳವಾದದ್ದು. ಯಾರನ್ನೂ ಗುಟ್ಟಾಗಿ ಹಿಂಬಾಲಿಸಲಿಲ್ಲ, ಯಾವ ಕಡತವನ್ನೂ ಕದಿಯಲಿಲ್ಲ. 2002ರ ಸಂಸತ್ ಚುನಾವಣೆಯ ಅಧಿಕೃತ ಫಲಿತಾಂಶಗಳನ್ನು ಊರೂರಿನ ಮಟ್ಟದಲ್ಲಿ ಹರಡಿಕೊಂಡು, ಹಿಂದಿನ ಚುನಾವಣೆಗಳ ಜೊತೆ ಇಟ್ಟು ನೋಡಿದರು. ಸಾಮಾನ್ಯವಾಗಿ ಒಂದು ಊರಿನ ಮತ ನಾಲ್ಕಾರು ಅಭ್ಯರ್ಥಿಗಳಲ್ಲಿ ಹಂಚಿಹೋಗುತ್ತದೆ. ಆದರೆ ಕೆಲವು ಊರುಗಳಲ್ಲಿ, ಹಿಂದೆ ಅಲ್ಲಿ ಹೆಸರೇ ಕೇಳಿಬರದಿದ್ದ ಅಭ್ಯರ್ಥಿಯೊಬ್ಬ ಒಮ್ಮೆಲೇ ಬಹುಪಾಲು ಮತಗಳನ್ನು ಬಾಚಿಕೊಂಡಿದ್ದ. ಪಕ್ಕದ ಊರಿಗೆ ಹೋದರೆ ಅಷ್ಟೇ ಏಕಪಕ್ಷೀಯವಾಗಿ ಇನ್ನೊಬ್ಬನಿಗೆ ಮತ ಬಿದ್ದಿತ್ತು. ಹೊಲವನ್ನು ಪಾಲು ಮಾಡಿದ ಹಾಗೆ ಮತಕ್ಷೇತ್ರಗಳನ್ನು ಯಾರೋ ಕೂತು ಪಾಲು ಮಾಡಿದಂತಿತ್ತು. ಇಂಥ ಅಸಹಜ ಮತಗಳಿದ್ದ ಊರುಗಳ ಮೇಲೆ ಅವರು ಹತ್ಯಾಕಾಂಡಗಳ ಮತ್ತು ಸಶಸ್ತ್ರ ಪಡೆಗಳ ವಿಸ್ತರಣೆಯ ನಕ್ಷೆಯನ್ನು ಹೊದಿಸಿದರು. ಎರಡು ನಕ್ಷೆಗಳೂ ಬಹುಮಟ್ಟಿಗೆ ಒಂದರ ಮೇಲೊಂದು ಕೂತವು.

2005ರಲ್ಲಿ ಪ್ರಕಟವಾದ ಈ ಅಧ್ಯಯನ, ಮುಂದೆ "ಪರಾಪೊಲಿಟಿಕಾ" ಎಂದು ಹೆಸರಾದ, ರಾಜಕಾರಣಿಗಳೂ ಈ ಸಶಸ್ತ್ರ ಪಡೆಗಳೂ ಕೈಜೋಡಿಸಿದ್ದ ಹಗರಣಕ್ಕೆ ಬಾಗಿಲು ತೆರೆದ ಕೆಲಸಗಳಲ್ಲಿ ಒಂದು. ಅವರೊಬ್ಬರಿಂದಲೇ ಎಲ್ಲ ಆಯಿತೆನ್ನುವುದು ಅನ್ಯಾಯವಾದೀತು. ಮರುವರ್ಷ ಸಶಸ್ತ್ರ ಪಡೆಯ ಮುಖಂಡನೊಬ್ಬನ ಸಹಚರನಿಂದ ವಶಪಡಿಸಿಕೊಂಡ ಕಂಪ್ಯೂಟರ್, ರಾಜಕಾರಣಿಗಳೂ ಸಶಸ್ತ್ರರೂ 2001ರಲ್ಲೇ ಸಹಿ ಹಾಕಿದ್ದ ರಹಸ್ಯ ಒಪ್ಪಂದದ ಕಾಗದ, ಇತರ ಪತ್ರಕರ್ತರ ಶ್ರಮ, ಎಲ್ಲಕ್ಕೂ ಮಿಗಿಲಾಗಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಧೈರ್ಯ, ಇವೆಲ್ಲ ಸೇರಿ ಹತ್ತಾರು ಸಂಸದರು ಜೈಲು ಸೇರಿದರು. ಆದರೆ ಎಲ್ಲಿ ನೋಡಬೇಕು ಎಂಬುದನ್ನು ತೋರಿಸಿದ್ದು ಚುನಾವಣಾ ಅಂಕಿಗಳನ್ನು ತಾಳ್ಮೆಯಿಂದ ಓದಿದ ಕಣ್ಣು. "ರಾಜ್ಯಶಾಸ್ತ್ರ ಏನಕ್ಕೆ ಬಂದೀತು" ಎಂಬ ಪ್ರಶ್ನೆಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಇದರಿಂದ ಅವರಿಗೆ ತೊಂದರೆಯಾಗಲಿಲ್ಲವೇ?

ಆಯಿತು. ಜೀವ ಬೆದರಿಕೆಗಳು ಬಂದವು. 2013ರಲ್ಲಿ ದೇಶ ಬಿಟ್ಟಿರಬೇಕಾಯಿತು. ಅದಕ್ಕೂ ಮೊದಲು, 2009ರಲ್ಲಿ, ತಾವು ಅಂಕಣ ಬರೆಯುತ್ತಿದ್ದ ಪತ್ರಿಕೆಯ ವರದಿಗಾರಿಕೆಯನ್ನೇ ಅದೇ ಅಂಕಣದಲ್ಲಿ ಪ್ರಶ್ನಿಸಿದ್ದಕ್ಕೆ ಅಂಕಣ ನಿಂತುಹೋಯಿತು.

ಆಡಳಿತದ ಅನುಭವ ಮೊದಲೇ ಇತ್ತೇ, ಅಥವಾ ನೇರವಾಗಿ ಮೇಯರ್ ಆದರೇ?

ಮೊದಲೇ ಇತ್ತು. ಎನ್ರಿಕೆ ಪೆನ್ಯಾಲೋಸಾ ಅವರು 1998ರಿಂದ 2000ದವರೆಗೆ ಮೊದಲ ಬಾರಿ ಮೇಯರ್ ಆಗಿದ್ದಾಗ, ನೆರೆಹೊರೆಯ ಜನಸಂಘಟನೆಗಳೊಡನೆ ಕೆಲಸ ಮಾಡುವ ಪಾಲಿಕೆ ವಿಭಾಗದ ಹೊಣೆ ಲೋಪೆಸ್ ಅವರ ಮೇಲಿತ್ತು. ಅದೇ ಪೆನ್ಯಾಲೋಸಾ ಎರಡನೆಯ ಬಾರಿ ಮೇಯರ್ ಆಗಿ ಬಂದಾಗ ಅವರನ್ನು ಕಟುವಾಗಿ ಟೀಕಿಸಿದವರಲ್ಲಿ ಲೋಪೆಸ್ ಕೂಡ ಒಬ್ಬರು. 2014ರಲ್ಲಿ ಹಸಿರು ಪಕ್ಷದಿಂದ ಸೆನೆಟ್‌ಗೆ ಆಯ್ಕೆಯಾದರು. 2018ರ ಅಧ್ಯಕ್ಷ ಚುನಾವಣೆಯಲ್ಲಿ ಗಣಿತಜ್ಞ ಸೆರ್ಹಿಯೋ ಫಹಾರ್ದೋ ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತರು. ಆ ಜೋಡಿ ಸುಮಾರು ಶೇ. 23.7 ಮತ ಪಡೆದು ಮೂರನೆಯ ಸ್ಥಾನಕ್ಕೆ ಬಂತು, ಎರಡನೆಯ ಸುತ್ತಿಗೆ ಹೋಗಲಾಗಲಿಲ್ಲ.

ಅದೇ ವರ್ಷದ ಆಗಸ್ಟ್ 26ರಂದು ನಡೆದ ಭ್ರಷ್ಟಾಚಾರ ವಿರೋಧಿ ಜನಮತಗಣನೆಯ ಮುಂಚೂಣಿಯಲ್ಲೂ ಅವರೇ ಇದ್ದರು. ಸಂಸದರ ಸಂಬಳ ಇಳಿಸಬೇಕು, ಆಸ್ತಿ ವಿವರ ಬಹಿರಂಗವಾಗಬೇಕು ಎಂಬಂಥ ಏಳು ಪ್ರಶ್ನೆಗಳು. ಮತ ಹಾಕಿದವರಲ್ಲಿ ಬಹುತೇಕ ಎಲ್ಲರೂ ಒಪ್ಪಿಗೆ ಕೊಟ್ಟರು. ಆದರೆ ಫಲಿತಾಂಶ ಸರ್ಕಾರವನ್ನು ಕಟ್ಟಿಹಾಕಬೇಕಾದರೆ ಒಟ್ಟು ಮತದಾರರಲ್ಲಿ ಮೂರನೇ ಒಂದು ಭಾಗ, ಅಂದರೆ ಸುಮಾರು 1.21 ಕೋಟಿ ಮಂದಿ, ಮತಗಟ್ಟೆಗೆ ಬರಬೇಕಿತ್ತು. ಬಂದವರು ಸುಮಾರು 1.17 ಕೋಟಿ. ಕೂದಲೆಳೆಯಲ್ಲಿ ತಪ್ಪಿಹೋಯಿತು. ಸೋತ ಈ ಜನಮತವೇ ಮರುವರ್ಷದ ಮೇಯರ್ ಚುನಾವಣೆಗೆ ಅವರನ್ನು ಮನೆಮಾತಾಗಿಸಿತು ಎಂಬುದು ನನ್ನ ಅಭಿಪ್ರಾಯ.

ಮೇಯರ್ ಚುನಾವಣೆಯಲ್ಲಿ ಗೆದ್ದದ್ದು ಹೇಗೆ?

2019ರ ಅಕ್ಟೋಬರ್ 27ರಂದು ಸುಮಾರು 11 ಲಕ್ಷ ಮತ, ಅಂದರೆ ಶೇ. 35ರಷ್ಟು ಪಡೆದು ಗೆದ್ದರು. ಎರಡನೆಯ ಸ್ಥಾನದಲ್ಲಿದ್ದವರು ಕಾರ್ಲೋಸ್ ಫೆರ್ನಾಂಡೋ ಗಲಾನ್. ಹೌದು, 1989ರಲ್ಲಿ ಕೊಲೆಯಾದ ಗಲಾನ್ ಅವರ ಮಗ. ತಂದೆಯ ಸಾವಿನಿಂದ ರಾಜಕೀಯಕ್ಕೆ ಬಂದವರ ಎದುರು ಮಗ ಸೋತರು. ನಾಲ್ಕು ವರ್ಷ ಕಳೆದು 2023ರ ಚುನಾವಣೆಯಲ್ಲಿ ಗೆದ್ದು, ಲೋಪೆಸ್ ಅವರಿಂದಲೇ ಅಧಿಕಾರ ವಹಿಸಿಕೊಂಡರು.

ಶೇ. 35 ಮತದಿಂದ ಗೆಲ್ಲಬಹುದೇ ಎಂದು ಕೇಳುವವರಿದ್ದಾರೆ. ಆಗ ಅಲ್ಲಿಯೂ ನಮ್ಮ ಶಾಸಕರ ಚುನಾವಣೆಯಂತೆ ಹೆಚ್ಚು ಮತ ಪಡೆದವರೇ ಗೆದ್ದವರು. ಬೊಗೊಟಾಕ್ಕೆ ಎರಡು ಸುತ್ತಿನ ಪದ್ಧತಿ ಅನ್ವಯವಾದದ್ದು 2023ರ ಚುನಾವಣೆಯಿಂದ.

ಅವರ ವೈಯಕ್ತಿಕ ಬದುಕಿನ ಬಗ್ಗೆ ಕೇಳಬಹುದೇ?

ಇದನ್ನು ತರಗತಿಯಲ್ಲಿ ದನಿ ತಗ್ಗಿಸಿ ಕೇಳುತ್ತಾರೆ. ತಗ್ಗಿಸಬೇಕಾಗಿಲ್ಲ. ಲೋಪೆಸ್ ಸಲಿಂಗಿ; ಅದನ್ನು ಬಹಿರಂಗವಾಗಿಯೇ ಹೇಳಿಕೊಂಡವರು. ಸಂಗಾತಿ ಆಂಹೆಲಿಕಾ ಲೊಸಾನೊ ಕೂಡ ಆಗ ಸೆನೆಟ್ ಸದಸ್ಯೆಯಾಗಿದ್ದರು. ಗೆದ್ದ ಎರಡು ತಿಂಗಳೊಳಗೆ, 2019ರ ಡಿಸೆಂಬರ್‌ನಲ್ಲಿ ಇಬ್ಬರೂ ಮದುವೆಯಾದರು. ಪ್ರಮಾಣವಚನಕ್ಕೆ ಜೊತೆಯಾಗಿ ಸೈಕಲ್ ತುಳಿದುಕೊಂಡು ಬಂದರು. ಕ್ಯಾಥೊಲಿಕ್ ಸಂಪ್ರದಾಯ ಗಟ್ಟಿಯಾಗಿರುವ ದೇಶದ ರಾಜಧಾನಿಯಲ್ಲಿ ಜನ ಇದನ್ನು ತಿಳಿದೇ ಮತ ಹಾಕಿದರೆಂಬುದನ್ನು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ.

ಬೊಗೊಟಾದ ಮೇಯರ್‌ಗೂ ಶಿವಮೊಗ್ಗದ ಮೇಯರ್‌ಗೂ ಏನು ವ್ಯತ್ಯಾಸ?

ಹೆಸರು ಒಂದೇ, ಹುದ್ದೆ ಬೇರೆ ಬೇರೆ. ಇದನ್ನು ತಿಳಿಯದೆ ಲೋಪೆಸ್ ಅವರ ಕಥೆಯನ್ನು ಕೇಳಿದರೆ ನಮ್ಮ ಊರಿನ ಮೇಯರ್‌ಗಳ ಬಗ್ಗೆ ಅನ್ಯಾಯದ ತೀರ್ಮಾನಕ್ಕೆ ಬರುತ್ತೇವೆ.

ಕೊಲಂಬಿಯಾದಲ್ಲಿಯೂ 1988ರವರೆಗೆ ಮೇಯರ್‌ಗಳನ್ನು ಮೇಲಿನಿಂದ ನೇಮಿಸುತ್ತಿದ್ದರು. ಬೊಗೊಟಾದ ಮೇಯರ್ ಯಾರೆಂದು ದೇಶದ ಅಧ್ಯಕ್ಷರೇ ನಿರ್ಧರಿಸುತ್ತಿದ್ದರು. 1986ರ ಸಂವಿಧಾನ ತಿದ್ದುಪಡಿಯಿಂದಾಗಿ 1988ರ ಮಾರ್ಚ್‌ನಲ್ಲಿ ಜನ ಮೊದಲ ಬಾರಿ ತಮ್ಮ ಮೇಯರ್‌ಗಳನ್ನು ತಾವೇ ಆರಿಸಿದರು. ಅವಧಿ ಮೊದಲು ಎರಡು ವರ್ಷ, ಆಮೇಲೆ ಮೂರು, ಈಗ ನಾಲ್ಕು. ಒಮ್ಮೆ ಮೇಯರ್ ಆದವರು ಬೆನ್ನಿಗೇ ಮತ್ತೆ ನಿಲ್ಲುವಂತಿಲ್ಲ. ಇನ್ನೊಂದು ನಿಯಮ ನನಗೆ ಬಹಳ ಇಷ್ಟ: ಅಭ್ಯರ್ಥಿ ತನ್ನ ಕಾರ್ಯಕ್ರಮವನ್ನು ಚುನಾವಣೆಗೆ ಮೊದಲೇ ಬರೆದು ದಾಖಲಿಸಬೇಕು, ಗೆದ್ದ ಮೇಲೆ ಅದಕ್ಕೆ ಕಾನೂನಿನ ಪ್ರಕಾರ ಬದ್ಧನಾಗಿರಬೇಕು, ಇಲ್ಲವಾದರೆ ಮತದಾರರು ಮತದಾನದ ಮೂಲಕವೇ ವಾಪಸ್ ಕರೆಸಬಹುದು. ನಗರದ ಆಡಳಿತ, ಬಜೆಟ್ ಮಂಡನೆ, ಇಲಾಖೆಗಳ ಮುಖ್ಯಸ್ಥರ ನೇಮಕ ಎಲ್ಲವೂ ಮೇಯರ್ ಕೈಯಲ್ಲಿ. 45 ಸದಸ್ಯರ ನಗರಸಭೆ ಅವರ ಮೇಲೆ ಕಣ್ಣಿಡುತ್ತದೆ. ಆ ಸಭೆ ನಿಗದಿತ ಕಾಲದಲ್ಲಿ ತೀರ್ಮಾನಿಸದಿದ್ದರೆ ನಗರ ಯೋಜನೆಯನ್ನು ಮೇಯರ್ ಆದೇಶದ ಮೂಲಕವೇ ಜಾರಿಗೊಳಿಸಬಹುದು. 2021ರ ಡಿಸೆಂಬರ್ ಕೊನೆಯಲ್ಲಿ ಲೋಪೆಸ್ ಮಾಡಿದ್ದು ಅದನ್ನೇ. ಸರಿಯೋ ತಪ್ಪೋ, ಅಷ್ಟು ಅಧಿಕಾರ ಆ ಹುದ್ದೆಗಿದೆ.

ಇನ್ನು ಶಿವಮೊಗ್ಗ. ನಗರಸಭೆಯಾಗಿದ್ದ ನಮ್ಮ ಊರು 2013ರಲ್ಲಿ ಮಹಾನಗರ ಪಾಲಿಕೆಯಾಯಿತು, 35 ವಾರ್ಡ್‌ಗಳು. ನಾವು ಮತ ಹಾಕುವುದು ವಾರ್ಡಿನ ಸದಸ್ಯರಿಗೆ. ಮೇಯರ್ ಅನ್ನು ಆರಿಸುವವರು ಆ ಸದಸ್ಯರು, ಜೊತೆಗೆ ಮತದಾನದ ಹಕ್ಕಿರುವ ಶಾಸಕರು ಮತ್ತು ಸಂಸದರು. ಮೀಸಲಾತಿ ಸರದಿಯ ಪ್ರಕಾರ ಬರುತ್ತದೆ, ಅದು ನ್ಯಾಯವೇ. ಆದರೆ 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ ನಮ್ಮ ಮೇಯರ್‌ಗೆ ಕೊಟ್ಟ ಕಾಲ ಒಂದು ವರ್ಷ. ಕಡತಗಳ ಹೆಸರು ಪರಿಚಯವಾಗುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ, ದಸರಾ ಮುಗಿಯುವಷ್ಟರಲ್ಲಿ ಮುಂದಿನ ಮೇಯರ್ ಯಾರು ಎಂಬ ಮಾತು ಶುರುವಾಗಿರುತ್ತದೆ. ಕಾರ್ಯಾಂಗದ ಅಧಿಕಾರ ಇರುವುದು ರಾಜ್ಯ ಸರ್ಕಾರ ನೇಮಿಸುವ ಆಯುಕ್ತರಲ್ಲಿ. ಸಭೆಯ ಅಧ್ಯಕ್ಷತೆ ಮೇಯರ್‌ದು, ಸಹಿ ಆಯುಕ್ತರದು.

ಅದಲ್ಲದೆ ಒಂದೇ ನಗರದ ಕೆಲಸ ಎಷ್ಟು ಕಡೆ ಹಂಚಿಹೋಗಿದೆ ನೋಡಿ. ಹೊಸ ಬಡಾವಣೆಗಳ ವಿಷಯ ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಕುಡಿಯುವ ನೀರಿನ ದೊಡ್ಡ ಕಾಮಗಾರಿಗಳು ರಾಜ್ಯ ಮಟ್ಟದ ಮಂಡಳಿಗೆ, ವಿದ್ಯುತ್ ಮೆಸ್ಕಾಂಗೆ, 2016ರಲ್ಲಿ ನಮ್ಮ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಆ ಯೋಜನೆಯ ಹಣ ಅದಕ್ಕೆಂದೇ ರಚಿಸಿದ ಕಂಪನಿಗೆ. ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. 12ನೇ ಅನುಸೂಚಿಯಲ್ಲಿ ನಗರಗಳಿಗೆ ಒಪ್ಪಿಸಬಹುದಾದ 18 ವಿಷಯಗಳ ಪಟ್ಟಿ ಇದೆ. "ಒಪ್ಪಿಸಬಹುದು" ಎಂಬ ಒಂದು ಪದದ ಹಿಂದೆ ರಾಜ್ಯಗಳು ಮೂರು ದಶಕ ನಿಂತಿವೆ. 2018ರಲ್ಲಿ ಆಯ್ಕೆಯಾದ ನಮ್ಮ ಪಾಲಿಕೆಯ ಅವಧಿ 2023ರಲ್ಲಿ ಮುಗಿದಾಗ ಕೂಡಲೇ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿ ಬಂದರು. ಎಂಥ ವಿದ್ವಾಂಸರನ್ನೇ ತಂದು ಕೂರಿಸಿದರೂ ಈ ಕುರ್ಚಿಯಿಂದ ಬೊಗೊಟಾದಲ್ಲಿ ಆದಂಥ ಕೆಲಸ ಆಗುವುದಿಲ್ಲ. ಮೊದಲು ಕುರ್ಚಿಯನ್ನೇ ಬದಲಿಸಬೇಕು. ಇದು ಯಾವ ಪಕ್ಷದ ಮೇಲಿನ ದೂರೂ ಅಲ್ಲ, ಎಲ್ಲ ಪಕ್ಷಗಳ ಸರ್ಕಾರಗಳೂ ಹೀಗೆಯೇ ನಡೆದುಕೊಂಡಿವೆ.

ಮೇಯರ್ ಆಗಿ ಅವರು ಮಾಡಿದ ಕೆಲಸಗಳಲ್ಲಿ ಉಳಿಯುವಂಥದ್ದು ಯಾವುದು?

ಆರೈಕೆ ವ್ಯವಸ್ಥೆ, ಅನುಮಾನವೇ ಇಲ್ಲ. ಬೊಗೊಟಾದಲ್ಲಿ ಹತ್ತು ಮಹಿಳೆಯರಲ್ಲಿ ಮೂವರು, ಅಂದರೆ ಸುಮಾರು 12 ಲಕ್ಷ ಮಂದಿ, ಸಂಬಳವಿಲ್ಲದೆ ಮನೆಯವರ ಆರೈಕೆಯಲ್ಲೇ ಪೂರ್ತಿ ದಿನ ಕಳೆಯುತ್ತಾರೆ ಎಂದು ನಗರಾಡಳಿತ ಲೆಕ್ಕ ಹಾಕಿತ್ತು. ಅವರಿಗೆ ಇಲ್ಲದ್ದು ಬರೀ ಹಣವಲ್ಲ, ಸಮಯ. ಓದು ಮುಗಿಸಲು, ವೈದ್ಯರ ಬಳಿ ಹೋಗಲು, ಕೆಲಸ ಹುಡುಕಲು ಬಿಡುವಿಲ್ಲ.

2020ರಿಂದ ಶುರುವಾದ "ಆರೈಕೆ ವಠಾರ"ಗಳು ಇದಕ್ಕೆ ಕಂಡುಕೊಂಡ ದಾರಿ. (ಸ್ಪ್ಯಾನಿಷ್‌ನ "ಮನ್ಸಾನಾ" ಪದಕ್ಕೆ ನಾಲ್ಕು ರಸ್ತೆಗಳ ನಡುವಿನ ಮನೆಗಳ ಗುಂಪು ಎಂಬ ಅರ್ಥವಿರುವುದರಿಂದ ನಾನು ವಠಾರ ಎನ್ನುತ್ತೇನೆ.) ಮೊದಲನೆಯದು ದಕ್ಷಿಣದ ಬಡ ಗುಡ್ಡಗಳ ಸಿಯುದಾದ್ ಬೊಲಿವಾರ್‌ನಲ್ಲಿ ತೆರೆಯಿತು. ನಗರದಲ್ಲಿ ಆಗಲೇ ಇದ್ದ ಸಾರ್ವಜನಿಕ ಕಟ್ಟಡಗಳನ್ನೇ ಬಳಸಿ, ನಡೆದು ಹೋಗುವಷ್ಟು ದೂರದಲ್ಲಿ ಸೇವೆಗಳನ್ನು ಒಟ್ಟಿಗೆ ಸೇರಿಸಿದರು. ಮಹಿಳೆ ಮಗುವನ್ನೋ, ಮನೆಯ ವೃದ್ಧರನ್ನೋ ಕರೆದುಕೊಂಡು ಬರುತ್ತಾಳೆ. ಅವರನ್ನು ನೋಡಿಕೊಳ್ಳಲು ಅಲ್ಲಿ ಸಿಬ್ಬಂದಿ ಇದ್ದಾರೆ. ಬಟ್ಟೆಯ ಗಂಟನ್ನು ಸಾಮೂಹಿಕ ಲಾಂಡ್ರಿಗೆ ಕೊಡುತ್ತಾಳೆ. ಆ ಎರಡು ಗಂಟೆಯಲ್ಲಿ ಅರ್ಧಕ್ಕೆ ಬಿಟ್ಟ ಪ್ರೌಢಶಾಲೆಯ ಪಾಠ ಕೇಳಬಹುದು, ವಕೀಲರ ಸಲಹೆ ಪಡೆಯಬಹುದು, ವ್ಯಾಯಾಮ ಮಾಡಬಹುದು, ಸುಮ್ಮನೆ ಕೂರಲೂಬಹುದು. ದೂರದ ಪ್ರದೇಶಗಳಿಗೆ ಇದೇ ಸೇವೆಯನ್ನು ಬಸ್ಸುಗಳಲ್ಲಿ ಕಳಿಸಿದರು. ಗಂಡಸರಿಗೆ ಆರೈಕೆಯ ಕೆಲಸ ಕಲಿಸುವ ತರಗತಿಗಳನ್ನೂ ನಡೆಸಿದರು.

ಇದನ್ನು ನಮ್ಮ ವಿದ್ಯಾರ್ಥಿನಿಯರಿಗೆ ವಿವರಿಸಿದಾಗ ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಡಿಕೆ ಸುಲಿತದ ಕಾಲದಲ್ಲಿ ಅಮ್ಮ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು, ಬೆಳಿಗ್ಗೆ ಐದಕ್ಕೆ ಹಂಡೆಗೆ ಉರಿ ಹಾಕಿ, ನಡುವೆ ಹಾಸಿಗೆ ಹಿಡಿದ ಅಜ್ಜಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದನ್ನು ನೋಡಿ ಬೆಳೆದವರು ಅವರು. "ಅಮ್ಮನ ಕೆಲಸವನ್ನು ಪಾಲಿಕೆ ಲೆಕ್ಕ ಹಾಕುತ್ತದೆಯೇ, ಸರ್?" ಎಂದು ತೀರ್ಥಹಳ್ಳಿ ಕಡೆಯ ಹುಡುಗಿ ಕೇಳಿದಳು. ಬೊಗೊಟಾ ಲೆಕ್ಕ ಹಾಕಿತು. ಲೆಕ್ಕ ಹಾಕಿದ್ದರಿಂದಲೇ ಕಟ್ಟಡ ಎಲ್ಲಿ ಬೇಕು, ಬಸ್ಸು ಯಾವ ದಾರಿಯಲ್ಲಿ ಹೋಗಬೇಕು ಎಂಬುದು ತಿಳಿಯಿತು. 2005ರಲ್ಲಿ ಮತಗಳ ನಕ್ಷೆ ಬರೆದ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿದೆ ಎಂದು ನಾನು ನಂಬುತ್ತೇನೆ.

ಕೋವಿಡ್ ಸಮಯದಲ್ಲಿ ಅವರು ಹೇಗೆ ನಡೆದುಕೊಂಡರು?

ಅಧಿಕಾರ ವಹಿಸಿಕೊಂಡು ಮೂರನೆಯ ತಿಂಗಳಿಗೆ ಸೋಂಕು ಬಂತು. ರಾಷ್ಟ್ರೀಯ ಸರ್ಕಾರ ಲಾಕ್‌ಡೌನ್ ಘೋಷಿಸುವ ಮೊದಲೇ, 2020ರ ಮಾರ್ಚ್ 20ರಿಂದ, ಬೊಗೊಟಾದಲ್ಲಿ ತಾಲೀಮಿನ ಹೆಸರಿನಲ್ಲಿ ಜನರನ್ನು ಮನೆಯಲ್ಲಿರಿಸಿದರು. ಬಸ್ಸುಗಳ ನೂಕುನುಗ್ಗಲು ತಪ್ಪಿಸಲು 80 ಕಿಲೋಮೀಟರಿಗೂ ಹೆಚ್ಚು ತಾತ್ಕಾಲಿಕ ಸೈಕಲ್ ಪಥಗಳನ್ನು ರಸ್ತೆಯ ಮೇಲೆಯೇ ಗುರುತಿಸಿದರು. 1974ರಿಂದಲೂ ಭಾನುವಾರಗಳಲ್ಲಿ ಮುಖ್ಯ ರಸ್ತೆಗಳನ್ನು ಸೈಕಲ್ಲಿಗೂ ನಡಿಗೆಗೂ ಬಿಟ್ಟುಕೊಡುವ ರೂಢಿ ಆ ಊರಿನಲ್ಲಿ ಇದ್ದುದರಿಂದ ಇದು ಅಲ್ಲಿ ಸುಲಭವಾಯಿತು. ಗಂಡಸರು ಬೆಸ ದಿನಾಂಕಗಳಲ್ಲಿ, ಹೆಂಗಸರು ಸಮ ದಿನಾಂಕಗಳಲ್ಲಿ ಮಾತ್ರ ಹೊರಬರಬೇಕೆಂಬ ನಿಯಮವೂ ಕೆಲವು ವಾರ ಇತ್ತು.

ಅವರ ತಪ್ಪುಗಳೇನು? ಎಲ್ಲವನ್ನೂ ಹೊಗಳುತ್ತೀರಲ್ಲ?

ಈ ಆಕ್ಷೇಪ ನ್ಯಾಯವಾದದ್ದು. ಮೊದಲನೆಯದಾಗಿ ವೆನೆಜುವೆಲಾದಿಂದ ವಲಸೆ ಬಂದವರ ಬಗ್ಗೆ ಅವರು ಆಡಿದ ಮಾತುಗಳು. ಅಪರಾಧಗಳನ್ನು ವಲಸಿಗರೊಂದಿಗೆ ಜೋಡಿಸಿ ಮತ್ತೆ ಮತ್ತೆ ಮಾತಾಡಿದ್ದಕ್ಕೆ ಮಾನವ ಹಕ್ಕುಗಳ ಪರ ಇರುವವರಿಂದ ಕಟು ಟೀಕೆ ಬಂತು. ಅಂಕಿ ಓದಬಲ್ಲವರು ಒಂದು ಸಮುದಾಯದ ಬಡವರನ್ನೇ ಬೊಟ್ಟು ಮಾಡಿದ್ದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ.

ಎರಡನೆಯದು ಪೊಲೀಸರ ವಿಷಯ. 2020ರ ಸೆಪ್ಟೆಂಬರ್‌ನಲ್ಲಿ ಪೊಲೀಸರ ಹಲ್ಲೆಯಿಂದ ನಾಗರಿಕರೊಬ್ಬರು ಸತ್ತಾಗ ನಗರ ಭುಗಿಲೆದ್ದಿತು. ಪ್ರತಿಭಟನೆಯಲ್ಲಿ ಹತ್ತಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಎಳೆಯರು, ಗುಂಡಿಗೆ ಬಲಿಯಾದರು. ಕಾಗದದ ಮೇಲೆ ನಗರದ ಪೊಲೀಸ್ ಅಧಿಕಾರ ಮೇಯರ್‌ಗೆ ಸೇರಿದ್ದು, ಆದರೆ ಅಧ್ಯಕ್ಷರ ಆದೇಶವೇ ಮೇಲು, ಪಡೆ ರಾಷ್ಟ್ರೀಯ ಸರ್ಕಾರದ್ದು. ಲೋಪೆಸ್ ಸಂತ್ರಸ್ತರ ಕುಟುಂಬಗಳ ಎದುರು ಕ್ಷಮೆ ಕೇಳಿದರು. ಅಧಿಕಾರವಿಲ್ಲದೆ ಹೊಣೆ ಮಾತ್ರ ಇರುವ ಸ್ಥಿತಿ ಬೊಗೊಟಾದ ಮೇಯರ್‌ಗೂ ತಪ್ಪಿದ್ದಲ್ಲ.

ಚಿಕ್ಕ ಪ್ರಸಂಗವೂ ಒಂದಿದೆ. ಲಾಕ್‌ಡೌನ್‌ನಲ್ಲಿ ಮನೆಯಿಂದ ಒಬ್ಬರೇ ಸಾಮಾನು ತರಲು ಹೋಗಬೇಕೆಂಬ ನಿಯಮವಿದ್ದಾಗ ಸಂಗಾತಿಯೊಡನೆ ಅಂಗಡಿಯಲ್ಲಿ ಕಾಣಿಸಿಕೊಂಡರು. ಚಿತ್ರ ಹರಡಿತು, ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರು.

ಮೆಟ್ರೋ ಕಟ್ಟಿಸಿದ್ದು ಅವರೇ?

ಮೊದಲ ಮಾರ್ಗದ ಗುತ್ತಿಗೆಗೆ ಸಹಿಯಾದದ್ದು 2019ರಲ್ಲಿ, ಹಿಂದಿನ ಮೇಯರ್ ಕಾಲದಲ್ಲಿ. ಸುಮಾರು 24 ಕಿಲೋಮೀಟರ್ ಉದ್ದ, 16 ನಿಲ್ದಾಣ, ಕಂಬಗಳ ಮೇಲೆ ಹೋಗುವ ಮಾರ್ಗ. ಲೋಪೆಸ್ ಅದನ್ನು ರದ್ದು ಮಾಡದೆ ಮುಂದುವರಿಸಿದರು. ಬಳಿಕ ಬಂದ ರಾಷ್ಟ್ರಾಧ್ಯಕ್ಷರು ಒಂದು ಭಾಗವನ್ನು ನೆಲದಡಿಗೆ ಬದಲಿಸಬೇಕೆಂದು ಒತ್ತಾಯಿಸಿದಾಗಲೂ ಸಹಿಯಾದ ಗುತ್ತಿಗೆಗೇ ಅಂಟಿಕೊಂಡರು.

ರಾಜ್ಯಶಾಸ್ತ್ರಜ್ಞರು ಮೇಯರ್ ಆದ ಉದಾಹರಣೆಗಳು ಬೇರೆ ಇವೆಯೇ?

ಇವೆ. ಲೋಪೆಸ್ ಗೆದ್ದ ತಿಂಗಳಲ್ಲೇ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಗೆರ್ಗೆಯಿ ಕರಾಚೋನಿ ಗೆದ್ದರು; ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ್ದವರು, ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಪಳಗಿದವರು. 2024ರಲ್ಲಿ ಅವರು ಮರು ಎಣಿಕೆಯ ಬಳಿಕ 293 ಮತಗಳ ಅಂತರದಿಂದ ಉಳಿದುಕೊಂಡರು. ಪೋಲೆಂಡಿನ ವಾರ್ಸಾದಲ್ಲಿ 2018ರಿಂದ ಮೇಯರ್ ಆಗಿರುವ ರಫಾವ್ ಟ್ಶಸ್ಕೊವ್‌ಸ್ಕಿ ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. 2020 ಮತ್ತು 2025ರಲ್ಲಿ ದೇಶದ ಅಧ್ಯಕ್ಷ ಪದವಿಯನ್ನು ಅಲ್ಪ ಅಂತರದಲ್ಲಿ ಕಳೆದುಕೊಂಡರು. ಸೋತವರೂ ಇದ್ದಾರೆ: ಅಮೆರಿಕದ ರಾಜ್ಯಶಾಸ್ತ್ರದ ಹಿರಿಯರಲ್ಲೊಬ್ಬರಾದ ಚಾರ್ಲ್ಸ್ ಮೆರಿಯಮ್ ಶಿಕಾಗೊ ನಗರಸಭೆಯ ಸದಸ್ಯರಾಗಿದ್ದು, 1911ರಲ್ಲಿ ಮೇಯರ್ ಸ್ಥಾನಕ್ಕೆ ನಿಂತು ಸೋತರು. ಬೊಗೊಟಾದಲ್ಲೇ ಲೋಪೆಸ್ ಅವರಿಗಿಂತ ಮೊದಲು ಎರಡು ಬಾರಿ ಮೇಯರ್ ಆಗಿದ್ದ ಆಂತಾನಾಸ್ ಮೊಕುಸ್ ರಾಜ್ಯಶಾಸ್ತ್ರದವರಲ್ಲ, ಗಣಿತ ಮತ್ತು ತತ್ತ್ವಶಾಸ್ತ್ರದವರು. ಸಂಚಾರ ನಿಯಮ ಕಲಿಸಲು ಮೂಕಾಭಿನಯ ಕಲಾವಿದರನ್ನು ರಸ್ತೆಗಿಳಿಸಿದವರು.

ಈಗ ಲೋಪೆಸ್ ಏನು ಮಾಡುತ್ತಿದ್ದಾರೆ?

ಅಧಿಕಾರ ಬಿಟ್ಟ ಬಳಿಕ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫೆಲೋ ಆಗಿದ್ದರು. ಹಸಿರು ಪಕ್ಷವನ್ನು ತೊರೆದರು. 2025ರಲ್ಲಿ, ಮರುವರ್ಷದ ಅಧ್ಯಕ್ಷ ಚುನಾವಣೆಗೆ ತಾವು ಆಕಾಂಕ್ಷಿ ಎಂದು ಘೋಷಿಸಿದರು.

ಶಿವಮೊಗ್ಗದಲ್ಲಿ ಓದುವ ನಾವು ಎಲ್ಲಿಂದ ಆರಂಭಿಸಬೇಕು?

ಚುನಾವಣೆಗೆ ನಿಲ್ಲುವ ಮಾತು ಆಮೇಲೆ. ಮೊದಲು ನಿಮ್ಮ ಊರಿನ ಮತಗಟ್ಟೆಯ ಅಂಕಿ ತೆಗೆಯಿರಿ. ಮತಗಟ್ಟೆವಾರು ಫಲಿತಾಂಶವನ್ನು ಚುನಾವಣಾ ಅಧಿಕಾರಿಗಳು ನಮೂನೆ 20ರಲ್ಲಿ ಪ್ರಕಟಿಸುತ್ತಾರೆ, ಯಾರು ಬೇಕಾದರೂ ನೋಡಬಹುದು. ಸತತ ಮೂರು ಚುನಾವಣೆಗಳ ನಮೂನೆಯನ್ನು ಪಕ್ಕಪಕ್ಕ ಇಟ್ಟುಕೊಂಡು, ಎಲ್ಲಿ ಮತ ಒಮ್ಮೆಲೇ ಒಂದು ಕಡೆ ವಾಲಿದೆ, ಎಲ್ಲಿ ಮತದಾನ ಕುಸಿದಿದೆ ಎಂದು ಗುರುತು ಹಾಕಿ, ಆ ಊರಿನವರನ್ನೇ ಹೋಗಿ ಕಾರಣ ಕೇಳಿ. ಅಂಕಿ ಅನುಮಾನವನ್ನಷ್ಟೇ ಕೊಡುತ್ತದೆ, ಉತ್ತರ ಕೊಡುವವರು ಜನ. ಹೊಸನಗರದ ಒಬ್ಬ ವಿದ್ಯಾರ್ಥಿ ಹೀಗೆ ಮಾಡಿ ತನ್ನ ಊರಿನ ಮತಗಟ್ಟೆಯಲ್ಲಿ ಮತದಾನ ಇಳಿದದ್ದಕ್ಕೆ ಯಾರದೋ ಒತ್ತಡ ಕಾರಣವಿರಬೇಕು ಎಂದುಕೊಂಡಿದ್ದ. ಹೋಗಿ ಕೇಳಿದರೆ, ಹೊಳೆ ದಾಟುವ ಕಾಲುಸಂಕ ಕೊಚ್ಚಿಹೋಗಿ ಆಚೆ ದಡದ ಮನೆಗಳವರು ಬರಲಾಗಿರಲಿಲ್ಲ.

ಎರಡನೆಯದಾಗಿ ಪಾಲಿಕೆಯ ಆಯವ್ಯಯ ಪುಸ್ತಕ ಓದಿ. ಅದು ಬಾಯಿಪಾಠದ ಪುಸ್ತಕವಲ್ಲ, ನಿಮ್ಮ ವಾರ್ಡಿನ ಚರಂಡಿಗೆ ಎಷ್ಟು, ಬೀದಿದೀಪಕ್ಕೆ ಎಷ್ಟು ಎಂದು ಹುಡುಕುವ ಪುಸ್ತಕ. ಮೂರನೆಯದಾಗಿ, ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ, ಶಿವಮೊಗ್ಗ ಆ ಗೆರೆಯನ್ನು ದಾಟಿ ಬಹಳ ಕಾಲವಾಯಿತು. ನಿಮ್ಮ ವಾರ್ಡಿನ ಸಮಿತಿ ಎಂದು ಸೇರುತ್ತದೆ ಎಂದು ಪಾಲಿಕೆಗೆ ಅರ್ಜಿ ಬರೆದು ಕೇಳಿ. ಕಳೆದ ಭಾನುವಾರ ನಾಲ್ವರು ಹಾಗೆ ಅರ್ಜಿ ಬರೆದು ತಂದು ನನಗೆ ತೋರಿಸಿದರು. ಕಾಗುಣಿತ ತಿದ್ದಿ, ದಿನಾಂಕ ಹಾಕಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಲು ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದ್ದೇನೆ.